ನೂರು ಡಾಲರಿನ ಪೆಟ್ಟಿಗೆ

ಪೆಟ್ಟಿ ಕ್ಯಾಶ್ ಅನ್ನೋ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ಅದು ಅರ್ಧ ಕನ್ನಡ ಅಂತಲೇ ಅಂದುಕೊಂಡಿದ್ದೆ. ಪೆಟ್ಟಿಗೆಯಲ್ಲಿ ಇಡೋ ಕ್ಯಾಶು, ಅದಕ್ಕೇ ಪೆಟ್ಟಿ ಕ್ಯಾಶು! ಫ್ರೆಂಚರ 'ಪೆಟಿ', ಅಂದರೆ ಚಿಕ್ಕದು ಅನ್ನುವ ಪದ, ಇಂಗ್ಲಿಷಿಗೆ ಬಂದು ಹೀಗಾಗಿದೆ ಅಂತ ಆಮೇಲೆ ಗೊತ್ತಾಯಿತು. ಆದರೂ ನನ್ನ ಮೊದಲ ತಿಳಿವಳಿಕೆ ತೀರಾ ತಪ್ಪೇನಲ್ಲ ಬಿಡಿ. ಅಮೆರಿಕದ ಸರ್ಕಾರಿ ಶಾಲೆಗಳಲ್ಲೂ ಅದು ಇರುವುದು ಬೀಗ ಹಾಕಿದ ಒಂದು ಪುಟ್ಟ ಪೆಟ್ಟಿಗೆಯಲ್ಲೇ.

ಅಲ್ಲಿ ಶಾಲೆಗಳನ್ನು ನಡೆಸುವುದು ರಾಜಧಾನಿಯ ಇಲಾಖೆಯಲ್ಲ, ಊರಿನವರೇ ಆರಿಸಿದ ಮಂಡಳಿ. ಆ ಮಂಡಳಿಯ ವ್ಯಾಪ್ತಿಗೆ ಸ್ಕೂಲ್ ಡಿಸ್ಟ್ರಿಕ್ಟ್ ಅಂತ ಹೆಸರು. ನಮ್ಮ ಜಿಲ್ಲೆ ಅಂದುಕೊಳ್ಳಬೇಡಿ, ಕೆಲವು ಒಂದು ಹೋಬಳಿಯಷ್ಟೂ ದೊಡ್ಡದಿಲ್ಲ. ನ್ಯೂಯಾರ್ಕ್ ರಾಜ್ಯ 1812ರಲ್ಲಿ ಕಾಯಿದೆ ಮಾಡಿ ಇವುಗಳನ್ನು ಶುರು ಮಾಡಿತು. ಒಂದು ಕಾಲಕ್ಕೆ ಆ ಒಂದೇ ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಡಿಸ್ಟ್ರಿಕ್ಟುಗಳಿದ್ದವು, ಬಹುಪಾಲು ಒಂದೇ ಕೋಣೆಯ ಶಾಲೆಗಳು. ಆಗ ಚಿಲ್ಲರೆ ಖರ್ಚು ಅಂದರೆ ಸೌದೆ. ಚಳಿಗಾಲದ ಒಲೆಗೆ ಇಂತಿಷ್ಟು ಸೌದೆ ಅಂತ ಮಕ್ಕಳ ಮನೆಯವರು ತಂದು ಹಾಕಬೇಕಿತ್ತು. ಮೇಷ್ಟ್ರ ಊಟ-ವಸತಿಯೂ ಸರದಿಯ ಮೇಲೆ ಅವರವರ ಮನೆಯಲ್ಲೇ. ನಮ್ಮ ಕೂಲಿಮಠದ ಅಯ್ಯನವರಿಗೆ ಅಕ್ಕಿ, ಬೇಳೆ, ತೆಂಗಿನಕಾಯಿ ಸಲ್ಲುತ್ತಿದ್ದ ಹಾಗೆ.

ಶಾಲೆಗಳು ಒಂದಕ್ಕೊಂದು ಸೇರಿ ದೊಡ್ಡವಾದವು, ಡಿಸ್ಟ್ರಿಕ್ಟುಗಳು ಏಳುನೂರರ ಆಸುಪಾಸಿಗೆ ಇಳಿದವು. ಸೌದೆ ಹೋಗಿ ತೆರಿಗೆ ಬಂತು, ಚೆಕ್ಕು ಬಂತು, ಬಿಲ್ಲು ಪರಿಶೀಲಿಸದೆ ಕಾಸು ಬಿಡಬಾರದು ಅನ್ನೋ ಕಟ್ಟಳೆಯೂ ಬಂತು. ಸರಿ, ಆದರೆ ಅಂಚೆ ಚೀಟಿಗೆ ಚೆಕ್ಕು ಬರೆಯೋಕಾಗುತ್ತಾ? ಸಂಜೆ ವಿಜ್ಞಾನದ ಪ್ರಯೋಗಕ್ಕೆ ಎರಡು ನಿಂಬೆಹಣ್ಣು ಬೇಕು ಅಂದರೆ ಮಂಡಳಿಯ ಸಭೆವರೆಗೆ ಕಾಯೋಕಾಗುತ್ತಾ? ಅದಕ್ಕೇ ಪೆಟ್ಟಿಗೆ.

ನ್ಯೂಯಾರ್ಕಿನ ನಿಯಮ ಹೀಗಿದೆ: ಒಂದೊಂದು ಶಾಲೆಗೂ ಒಂದು ಪೆಟ್ಟಿಗೆ ಇಡಬಹುದು, ಯಾವ ಪೆಟ್ಟಿಗೆಯಲ್ಲೂ 100 ಡಾಲರಿಗಿಂತ ಹೆಚ್ಚು ಇರಕೂಡದು. ಸಾಮಾನು ಕೈಗೆ ಬಂದ ಕೂಡಲೇ ದುಡ್ಡು ಕೊಡಲೇಬೇಕಾದ ಖರ್ಚಿಗೆ ಮಾತ್ರ ಅದು. ಪೆಟ್ಟಿಗೆಗೆ ಒಬ್ಬರೇ ಹೊಣೆ. ಅರವತ್ತು ಡಾಲರ್ ಖರ್ಚಾಗಿದ್ದರೆ ಒಳಗೆ ನಲವತ್ತು ನಗದು, ಅರವತ್ತರ ರಸೀದಿ ಇರಬೇಕು. ಎರಡೂ ಕೂಡಿದರೆ ಯಾವ ದಿನ ಯಾವ ಹೊತ್ತಲ್ಲಿ ತೆರೆದರೂ ನೂರೇ ಆಗಬೇಕು. ರಸೀದಿ ಒಪ್ಪಿಸಿದರೆ ಅಷ್ಟೇ ದುಡ್ಡು ಮತ್ತೆ ತುಂಬಿಕೊಡುತ್ತಾರೆ.

ಈ ಪದ್ಧತಿಗೆ ಇಂಪ್ರೆಸ್ಟ್ ಅಂತ ಹೆಸರು. ಬಹಳ ಹಳೆಯದು. ಇಂಗ್ಲೆಂಡಿನ ದೊರೆಗಳು ಸಿಪಾಯಿ, ನಾವಿಕರನ್ನು ಸೇರಿಸಿಕೊಳ್ಳುವಾಗ ಕೈಗೆ ಹಾಕುತ್ತಿದ್ದ ಮುಂಗಡದ ಹಣಕ್ಕೂ ಇದೇ ಪದ ಬಳಕೆಯಲ್ಲಿತ್ತು. ಅದೇ ಇಂಗ್ಲಿಷರ ಜೊತೆ ಹಡಗು ಹತ್ತಿ ನಮ್ಮ ರೈಲ್ವೆಗೂ ಲೋಕೋಪಯೋಗಿ ಇಲಾಖೆಗೂ ಬಂತು. ನಮ್ಮ ಕಚೇರಿ ಕನ್ನಡದಲ್ಲಿ ಖಾಯಂ ಮುಂಗಡ ಅನ್ನುವುದೂ ಇದೇ ಜಾತಿಯದು. ಹತ್ತು ರೂಪಾಯಿ ಹೆಚ್ಚುಕಮ್ಮಿಯಾದದ್ದಕ್ಕೆ ರಾತ್ರಿ ಎಂಟರವರೆಗೆ ಕೂತು ಚೀಟಿ ಹುಡುಕಿದ ಗುಮಾಸ್ತರನ್ನು ನಾನೇ ನೋಡಿದ್ದೇನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಹೆದರಿ ಬದುಕಿದವರು ಅವರು.

ಈಗ ರಾಸ್ಲಿನ್‌ಗೆ ಬರೋಣ. ನ್ಯೂಯಾರ್ಕ್ ನಗರದ ಪಕ್ಕದ ಲಾಂಗ್ ಐಲೆಂಡಿನಲ್ಲಿರುವ ಅನುಕೂಲಸ್ಥರ ಊರು. ಅಲ್ಲಿನ ಮಕ್ಕಳು ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಿಗೆ ಹೋಗುತ್ತಿದ್ದರು, ಶಾಲೆ ಚೆನ್ನಾಗಿದೆ ಅಂತ ಮನೆಗಳ ಬೆಲೆಯೂ ಏರುತ್ತಿತ್ತು. ಶಾಲೆಗಳ ಮುಖ್ಯಸ್ಥರು ಸೂಪರಿಂಟೆಂಡೆಂಟ್ ಫ್ರಾಂಕ್ ಟಸೋನ್, ಹಣಕಾಸು ನೋಡಿಕೊಳ್ಳುತ್ತಿದ್ದವರು ಪಮೇಲಾ ಗ್ಲಕಿನ್. ಪ್ರತಿ ಮೇ ತಿಂಗಳಲ್ಲಿ ಊರಿನವರು ಮತ ಹಾಕಿ ಶಾಲೆಯ ಬಜೆಟ್ ಒಪ್ಪುತ್ತಿದ್ದರು. ಟಸೋನ್ ಅಂದರೆ ಅವರಿಗೆ ಅಷ್ಟು ಭರವಸೆ.

2002ರಲ್ಲಿ ಗ್ಲಕಿನ್ ಶಾಲೆಯ ದುಡ್ಡು ಸ್ವಂತಕ್ಕೆ ಬಳಸಿದ್ದು ಮಂಡಳಿಗೆ ತಿಳಿಯಿತು. ಎರಡೂವರೆ ಲಕ್ಷ ಡಾಲರ್ ಅಂತ ಆಗ ಲೆಕ್ಕ. ಪೊಲೀಸರಿಗೆ ಹೇಳಿದರೆ ಶಾಲೆಯ ಹೆಸರು ಕೆಡುತ್ತೆ ಅಂದರು ಟಸೋನ್. ಮಂಡಳಿ ಒಪ್ಪಿತು. ಆಕೆ ಹಣ ವಾಪಸ್ಸು ಕಟ್ಟಿ ಸದ್ದಿಲ್ಲದೆ ಕೆಲಸ ಬಿಟ್ಟರು. ಮಂಡಳಿಯವರು ಸಂಬಳವಿಲ್ಲದೆ ದುಡಿಯುವ ಅಪ್ಪ-ಅಮ್ಮಂದಿರು, ಅವರನ್ನು ಪೂರ್ತಿ ಬೈಯೋಕೆ ನನಗೆ ಮನಸ್ಸು ಬರೋದಿಲ್ಲ. ಆದರೆ ಎಲ್ಲರ ಮುಂದೆ ಲೆಕ್ಕ ತೆರೆಯದೆ ಮುಚ್ಚಿದರಲ್ಲ, ತಪ್ಪಾದದ್ದು ಅಲ್ಲಿ.

2004ರಲ್ಲಿ ಹೆಸರಿಲ್ಲದ ಒಂದು ಪತ್ರ ಓಡಾಡಿತು. ಅದರ ಜಾಡು ಹಿಡಿದು ಸುದ್ದಿಯನ್ನು ಮೊದಲು ಅಚ್ಚು ಹಾಕಿದ್ದು ದೊಡ್ಡ ಪತ್ರಿಕೆಯಲ್ಲ, 'ಹಿಲ್‌ಟಾಪ್ ಬೀಕನ್' ಅನ್ನುವ ಆ ಹೈಸ್ಕೂಲಿನ ಮಕ್ಕಳ ಪತ್ರಿಕೆ! ರಾಜ್ಯದ ಕಂಟ್ರೋಲರ್ ಅಲನ್ ಹೆವೆಸಿ ಲೆಕ್ಕ ತೆಗೆಸಿದರು. 2005ರ ಮಾರ್ಚಿನಲ್ಲಿ ವರದಿ ಬಂತು. ಹೋದದ್ದು ಎರಡೂವರೆ ಲಕ್ಷವಲ್ಲ, 1 ಕೋಟಿ 12 ಲಕ್ಷ ಡಾಲರ್. ಸ್ವಂತ ಕ್ರೆಡಿಟ್ ಕಾರ್ಡಿನ ಬಿಲ್ಲಿಗೆ ಶಾಲೆಯ ಚೆಕ್ಕು, ಪುಸ್ತಕದಲ್ಲಿ ಅದಕ್ಕೆ ಬೇರೆ ಬಾಬ್ತಿನ ಹೆಸರು. ಕಾಂಕಾರ್ಡ್ ವಿಮಾನದಲ್ಲಿ ಲಂಡನ್ನಿಗೆ ಹೋದದ್ದು, ಬಟ್ಟೆ ಡ್ರೈ ಕ್ಲೀನ್ ಮಾಡಿಸಿದ್ದು, ಎಲ್ಲ ಮಕ್ಕಳ ದುಡ್ಡಿನಲ್ಲಿ.

ನೋಡಿ, ನಿಂಬೆಹಣ್ಣಿನ ರಸೀದಿ ಕೇಳುವ ವ್ಯವಸ್ಥೆ ಕಾಂಕಾರ್ಡಿನ ರಸೀದಿ ಕೇಳಲಿಲ್ಲ. ಯಾಕೆ? ನೂರು ಡಾಲರ್ ಎಲ್ಲರಿಗೂ ಅರ್ಥವಾಗುತ್ತೆ. ಕಣ್ಣಲ್ಲಿ ನೋಡಬಹುದು, ಕೈಯಲ್ಲಿ ಎಣಿಸಬಹುದು. ಕೋಟಿಗಟ್ಟಲೆಯ ಬಜೆಟ್ಟು ಬಲ್ಲವರ ಕೆಲಸ ಅಂತ ಉಳಿದವರು ದೂರ ನಿಂತರು. ಪೆಟ್ಟಿಗೆಯ ಲೆಕ್ಕವನ್ನು ದುಡ್ಡು ಹಿಡಿದವನ ಮೇಲಿನವರು ನೋಡುತ್ತಾರೆ. ಟಸೋನ್ ಮೇಲೆ ಇದ್ದದ್ದು ಅವರನ್ನು ಪೂರ್ತಿ ನಂಬಿದ್ದ ಮಂಡಳಿ. ಲಾಂಗ್ ಐಲೆಂಡಿನ ಹತ್ತಾರು ಡಿಸ್ಟ್ರಿಕ್ಟುಗಳ ಲೆಕ್ಕ ನೋಡುತ್ತಿದ್ದ ಹೊರಗಿನ ಆಡಿಟರು ಕೂಡ ಈ ಪ್ರಕರಣದಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು ಅಂದರೆ ಇನ್ನೇನು ಹೇಳೋಣ!

ರಾಜ್ಯ ಅದೇ ವರ್ಷ ಹೊಸ ಕಾಯಿದೆ ತಂತು. ಮಂಡಳಿಯ ಸದಸ್ಯರಿಗೆ ಹಣಕಾಸಿನ ಬಗ್ಗೆ ಆರು ಗಂಟೆ ತರಬೇತಿ, ಪ್ರತಿ ಡಿಸ್ಟ್ರಿಕ್ಟಿಗೂ ಆಡಿಟ್ ಸಮಿತಿ, ಬಿಲ್ಲು ಪರಿಶೀಲಿಸುವವರು ಸೂಪರಿಂಟೆಂಡೆಂಟರಿಗಲ್ಲ, ನೇರ ಮಂಡಳಿಗೇ ಉತ್ತರ ಹೇಳಬೇಕು. 2010ರ ಹೊತ್ತಿಗೆ ಎಲ್ಲ ಡಿಸ್ಟ್ರಿಕ್ಟುಗಳ ಲೆಕ್ಕವನ್ನೂ ಕಂಟ್ರೋಲರ್ ನೋಡಿ ಮುಗಿಸಬೇಕು ಅಂತಲೂ ಆಯಿತು. ಇಷ್ಟಕ್ಕೆಲ್ಲ ಕಾರಣರಾದ ಹೆವೆಸಿಯವರ ಕತೆ ಕೇಳಿ. ಸರ್ಕಾರಿ ನೌಕರನನ್ನು ಹೆಂಡತಿಯ ಕಾರು ಓಡಿಸೋಕೆ ಬಳಸಿಕೊಂಡದ್ದಕ್ಕೆ 2006ರ ಡಿಸೆಂಬರಿನಲ್ಲಿ ಅವರೂ ತಪ್ಪೊಪ್ಪಿಕೊಂಡು ಕುರ್ಚಿ ಬಿಟ್ಟರು.

ಟಸೋನ್‌ಗೆ 4ರಿಂದ 12 ವರ್ಷ, ಗ್ಲಕಿನ್‌ಗೆ 3ರಿಂದ 9 ವರ್ಷ ಜೈಲಾಯಿತು. ಆದರೆ ನ್ಯೂಯಾರ್ಕಿನ ಸಂವಿಧಾನದಲ್ಲಿ, ಸರ್ಕಾರಿ ನೌಕರರ ಪಿಂಚಣಿ ಕಡಿಮೆ ಮಾಡುವಂತಿಲ್ಲ ಅಂತ 1938ರಿಂದ ಒಂದು ಮಾತಿದೆ. ಭ್ರಷ್ಟರ ಪಿಂಚಣಿ ಕಿತ್ತುಕೊಳ್ಳಬಹುದು ಅಂತ ಮತದಾರರು ಅದನ್ನು ತಿದ್ದಿದ್ದು 2017ರಲ್ಲಿ, ಅದೂ ಮುಂದಿನ ಅಪರಾಧಗಳಿಗೆ ಮಾತ್ರ. ಹಾಗಾಗಿ ಟಸೋನ್‌ಗೆ ವರ್ಷಕ್ಕೆ 1 ಲಕ್ಷ 73 ಸಾವಿರ ಡಾಲರ್ ಮೀರಿದ ಪಿಂಚಣಿಗೆ ಏನೂ ಧಕ್ಕೆಯಾಗಲಿಲ್ಲ. ಅದಕ್ಕೆ ರಸೀದಿಯೂ ಬೇಕಿಲ್ಲ.