ಕಿಸೆಯಿಂದ ಮಣಿಕಟ್ಟಿಗೆ

ವ್ಯವಹಾರಸ್ಥರ ಕಾಲವು ಬಹುದಿನ ಅವರ ಕಿಸೆಯಲ್ಲಿ ಸರಪಣಿಗೆ ಕಟ್ಟುಬಿದ್ದಿತ್ತು. ಕೈಗಡಿಯಾರವೆಂದರೆ ಆಗ ಬಹುಮಟ್ಟಿಗೆ ಹೆಂಗಸರ ಒಡವೆ. ವಿಮಾನ ನಡೆಸುವಾಗ ಕಿಸೆ ತಡಕಲಾಗದ ಗೆಳೆಯ ಸಾಂಟೋಸ್ ಡ್ಯೂಮಾಂಟನಿಗಾಗಿ ಪ್ಯಾರಿಸ್ಸಿನ ಲೂಯಿ ಕಾರ್ಟಿಯೆ 1904ರಲ್ಲಿ ಕೈಗಡಿಯಾರ ಮಾಡಿಕೊಟ್ಟನು. 1914–18ರ ಮಹಾಯುದ್ಧದ ಕಂದಕಗಳಲ್ಲಿ ಅದು ಸೈನಿಕರ ಮಣಿಕಟ್ಟನ್ನೇರಿತು. ನಮ್ಮ ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಎಚ್.ಎಂ.ಟಿ. ಗಡಿಯಾರದ ಕೆಲಸ ಹಿಡಿದ ಮೇಲೆ ಕಚೇರಿಯ ಗುಮಾಸ್ತನಿಗೂ ಅದು ಎಟುಕಿತು.

1984ರಲ್ಲಿ ಸೈಕೋ ಕಂಪೆನಿಯ ಗಡಿಯಾರವೊಂದು ಗಣಕಯಂತ್ರದಿಂದ ಟಿಪ್ಪಣಿಗಳನ್ನು ಇಳಿಸಿಕೊಂಡು ತೋರಿಸಿತು. 2015ರಲ್ಲಿ ಆಪಲ್ ವಾಚ್ ಬಂದಿತು. ಈಗ ಕರೆ, ಓಲೆ, ಸಭೆಯ ವೇಳೆ ಎಲ್ಲವೂ ಮಣಿಕಟ್ಟಿನಲ್ಲಿಯೇ. ಫೋನನ್ನು ಹೊರತೆಗೆಯದೆಯೇ ಜರೂರಿನ ಕರೆ ಯಾವುದೆಂದು ತಿಳಿಯುತ್ತದೆ. 2018ರಿಂದೀಚೆಗೆ ಕೆಲವು ಗಡಿಯಾರಗಳು ಹೃದಯಬಡಿತದ ಏರುಪೇರನ್ನೂ ಕಂಡು ಎಚ್ಚರಿಸುತ್ತವೆ. ಬಿಡುವಿಲ್ಲದ ವ್ಯಾಪಾರಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಅತಿಥಿಯೆದುರು ಗಡಿಯಾರ ನೋಡಿದರೆ ‘ಇನ್ನು ಹೊರಡಿ’ ಎಂದಂತೆ ಎಂಬುದು ನಮ್ಮ ಹಿರಿಯರ ಲೆಕ್ಕ. ಗಳಿಗೆಗೊಮ್ಮೆ ಮಿಡಿಯುವ ಗಡಿಯಾರ ಕಟ್ಟಿದವನು ಎದುರಿನ ಗಿರಾಕಿಗೆ ಹೀಗೆ ಎಷ್ಟು ಸಲ ಹೇಳುತ್ತಾನೋ! ಅದೂ ಅಲ್ಲದೆ, ಬಾಗಿಲು ಮುಚ್ಚಿದ ಮೇಲೂ ಕಚೇರಿ ಅವನ ಚರ್ಮಕ್ಕೆ ತಾಗಿಯೇ ಇರುತ್ತದೆ.

ನನ್ನ ತಂದೆಯವರ ಎಚ್.ಎಂ.ಟಿ.ಗೆ ನಾನು ಬೆಳಗ್ಗೆ ಒಮ್ಮೆ ಕೀ ಕೊಡುತ್ತೇನೆ. ಕೇಳಿದಾಗ ವೇಳೆ ಹೇಳುತ್ತದೆ, ಕೇಳದಿದ್ದರೆ ಸುಮ್ಮನಿರುತ್ತದೆ. ಹೊಸ ಗಡಿಯಾರಕ್ಕೂ ಸುಮ್ಮನಿರುವುದನ್ನು ಕಲಿಸಬಹುದು. ಅದಕ್ಕೆ ಗುಂಡಿಯೂ ಇದೆ. ಒತ್ತುವ ಮನಸ್ಸು ಮಾತ್ರ ಯಜಮಾನನಲ್ಲಿರಬೇಕು.