ಎಡೆ ಹೊಡೆಯೋ ಹೊತ್ತಿಗೆ ಟಿಲ್ಲರ್ ನಿಲ್ಲದಿರಲಿ: ಸರ್ವಿಸ್, ರಿಪೇರಿಗೆ ಮುನ್ನ ಇಷ್ಟು ತಿಳಿದಿರಲಿ

ಲಕ್ಕಲಕಟ್ಟಿ (ಗಜೇಂದ್ರಗಡ ತಾ.): ಹೆಸರು, ಮೆಕ್ಕೆಜೋಳ ಎಡೆಗೆ ಬಂದಾಗ ಟಿಲ್ಲರ್ ಕೆಟ್ಟರೆ ಕಳೆ ಮಾತ್ರ ಕಾಯೋದಿಲ್ಲ. ಅದೇ ಹೊತ್ತಿಗೆ ಎಲ್ಲರ ಮಷಿನ್ನೂ ಮೆಕ್ಯಾನಿಕ್ ಅಂಗಡಿ ಮುಂದೆ ಸಾಲು ನಿಂತಿರುತ್ತವೆ. ಹಾಗಾಗಿ ಬಿತ್ತನೆಗೆ ಮೊದಲೇ, ಬೇಸಿಗೆಯಲ್ಲೇ ಸರ್ವಿಸ್ ಮಾಡಿಸೋದು ಒಳ್ಳೇದು.

ಸ್ಟಾರ್ಟ್ ಆಗದಿದ್ದರೆ
ಪೆಟ್ರೋಲ್ ಟಿಲ್ಲರ್ ಆದರೆ ಮೊದಲು ಪೆಟ್ರೋಲ್ ಕಾಕ್ ನೋಡಿ. ತಿಂಗಳುಗಟ್ಟಲೆ ಟ್ಯಾಂಕಿನಲ್ಲೇ ಉಳಿದ ಪೆಟ್ರೋಲ್ ತೆಗೆದು ಹೊಸದು ಹಾಕಿ. ಪ್ಲಗ್ ಕಪ್ಪಾಗಿದ್ದರೆ ಬ್ರಷ್‌ನಿಂದ ಉಜ್ಜಿ, ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ. ಗ್ಯಾಪ್ ಇರಬೇಕು.

ಆಯಿಲ್
4 ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಹೊಸದಿದ್ದರೆ ಸುಮಾರು 20 ಗಂಟೆ ಓಡಿದ ಮೇಲೆ, ಆಮೇಲೆ 100 ಗಂಟೆ ಅಥವಾ 6 ತಿಂಗಳಿಗೊಮ್ಮೆ ಆಯಿಲ್ ಬದಲಿಸೋದು ರೂಢಿ. ಖಚಿತ ಲೆಕ್ಕ ಮಷಿನ್ ಜೊತೆ ಬಂದ ಪುಸ್ತಕದಲ್ಲಿರುತ್ತದೆ. 2 ಸ್ಟ್ರೋಕ್‌ಗೆ ಆಯಿಲನ್ನು ಪೆಟ್ರೋಲ್‌ನಲ್ಲೇ ಬೆರೆಸಬೇಕು. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಏರ್ ಫಿಲ್ಟರ್
ಮಸಾರಿ ಹೊಲದ ಧೂಳಿಗೆ ಇದು ಬೇಗ ಕಟ್ಟುತ್ತದೆ. ಸ್ಪಂಜಿನದನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ಎರಡು ಹನಿ ಎಂಜಿನ್ ಆಯಿಲ್ ಹಾಕಿ ಹಿಂಡಿ. ಕಾಗದದ ಫಿಲ್ಟರ್ ತೊಳೆಯಬಾರದು, ಮೆಲ್ಲಗೆ ಬಡಿದು ಧೂಳು ಉದುರಿಸಿ. ಹರಿದ ಫಿಲ್ಟರ್ ಬದಲಿಸಿ. ಹಾಗೇ ಓಡಿಸಿದರೆ ಧೂಳು ಒಳಹೋಗಿ ಪಿಸ್ಟನ್ ರಿಂಗ್ ಸವೆಯುತ್ತದೆ. ನೂರಿನ್ನೂರು ರೂಪಾಯಿಯ ಕೆಲಸ ಸಾವಿರಗಟ್ಟಲೆ ಖರ್ಚಿಗೆ ಬರುತ್ತದೆ.

ಬ್ಲೇಡ್
ಎರೆ ಮಣ್ಣಿನ ಹಸಿ, ಹುಲ್ಲು, ಹಗ್ಗದ ತುಂಡು ಶಾಫ್ಟ್‌ಗೆ ಸುತ್ತಿಕೊಂಡರೆ ಆಯಿಲ್ ಸೀಲ್ ಹಾಳಾಗಿ ಗೇರ್ ಆಯಿಲ್ ಸೋರುತ್ತದೆ. ಅವತ್ತಿಂದು ಅವತ್ತೇ ತೆಗೆಯಿರಿ. ಬ್ಲೇಡಿಗೆ ಕೈ ಹಾಕೋ ಮುನ್ನ ಎಂಜಿನ್ ಬಂದ್ ಮಾಡಿ, ಪ್ಲಗ್ ವೈರ್ ಕಿತ್ತಿಡಿ.

ಮೆಕ್ಯಾನಿಕ್‌ಗೆ ಬಿಡಬೇಕಾದ್ದು
ನೀಲಿ ಹೊಗೆ, ಗೇರ್ ಬಾಕ್ಸ್ ಸದ್ದು, ಗೇರ್ ಜಾರೋದು ಮನೆಯಲ್ಲಿ ಆಗೋ ರಿಪೇರಿಯಲ್ಲ. ಮಾಡೆಲ್, ಎಂಜಿನ್ ನಂಬರ್ ಫೋಟೊ ಒಯ್ದರೆ ಬಿಡಿಭಾಗ ತಪ್ಪೋದಿಲ್ಲ. ಬಿಚ್ಚೋ ಮೊದಲೇ ಅಂದಾಜು ಖರ್ಚು ಕೇಳಿ. ಹಳೇ ಪಾರ್ಟ್, ಬಿಲ್ ಎರಡನ್ನೂ ಇಸ್ಕೊಳ್ಳಿ.

ವಾರಂಟಿ ಇದ್ದರೆ
ವಾರಂಟಿ ಮುಗಿಯೋವರೆಗೆ ಡೀಲರ್ ಬಿಟ್ಟು ಬೇರೆ ಕಡೆ ಎಂಜಿನ್ ಬಿಚ್ಚಿಸಬೇಡಿ. ದೂರನ್ನು ಬರವಣಿಗೆಯಲ್ಲೇ ಕೊಡಿ. ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಗದಗದ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯ್ದೆ ಪ್ರಕಾರ 2 ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷ ರೂ. ಒಳಗಿದ್ದರೆ ಶುಲ್ಕವಿಲ್ಲ.

ಮಷಿನ್ ರಿಪೇರಿಯಲ್ಲಿರುವಾಗ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದೆಯೇ ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.