ಇಸುಬು, ಉಬ್ಬಸ: ಮಕ್ಕಳ ಮದ್ದು-ಪಥ್ಯ ನಡೆದುಬಂದ ದಾರಿ

ಕೂಸಿಗೆ ನಾಲ್ಕೈದು ತಿಂಗಳಾಗುವಾಗ ಕೆನ್ನೆ ಕೆಂಪೇರಿ ಒರಟಾಗುತ್ತದೆ. ನಡೆಯಲು ಕಲಿಯುವ ಹೊತ್ತಿಗೆ ಮೊಣಕೈ, ಮಂಡಿಯ ಮಡಿಕೆಗಳಲ್ಲಿ ತುರಿಕೆ. ರಾತ್ರಿಯೆಲ್ಲ ಕೆರೆದು ಕೆರೆದು ಚರ್ಮದಿಂದ ರಸಿಗೆ ಒಸರುತ್ತದೆ. ಇದು ಇಸುಬು, ವೈದ್ಯರು ಎಕ್ಸಿಮಾ ಅನ್ನುವ ಕಾಯಿಲೆ. ಇಂಥ ಮಕ್ಕಳಲ್ಲಿ ಕೆಲವರಿಗೆ ಮೂರು ನಾಲ್ಕನೆಯ ವರ್ಷಕ್ಕೆ ಮಳೆ ಹಿಡಿದರೆ ಸಾಕು, ಎದೆಯಲ್ಲಿ ಸುಯ್ ಸುಯ್ ಸದ್ದು ಶುರು. ಆಗ ಮನೆಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಇದನ್ನು ಹಚ್ಚಿ, ಅದನ್ನು ಕುಡಿಸಿ’ ಎಂಬುದು ಒಂದು. ‘ಬದನೆಕಾಯಿ ನಂಜು, ಮೊಸರು ಶೀತ, ಬಾಳೆಹಣ್ಣು ಕಫ, ಕೊಡಲೇಬೇಡಿ’ ಎಂಬುದು ಇನ್ನೊಂದು. ಮದ್ದು ಮತ್ತು ಪಥ್ಯದ ಈ ಎರಡು ದಾರಿಗಳು ಬಹಳ ಹಳೆಯವು. ಅವುಗಳಲ್ಲಿ ಯಾವುದು ಪರೀಕ್ಷೆಯಲ್ಲಿ ಗೆದ್ದಿತು, ಯಾವುದು ಸೋತಿತು ಎಂಬುದನ್ನು ನೋಡುತ್ತ ಬಂದಂತೆ ನನಗೆ ಒಂದು ಸಂಗತಿ ಸ್ಪಷ್ಟವಾಗಿದೆ: ನಾವು ಮಗುವಿನ ತಟ್ಟೆಯಿಂದ ತೆಗೆದುಹಾಕಿದಷ್ಟನ್ನು ಅದು ಉಸಿರಾಡುವ ಗಾಳಿಯಿಂದ ತೆಗೆದುಹಾಕಿಲ್ಲ.

ಗಾಳಿಯ ವಿಚಾರ ಪ್ರಾಚೀನರಿಗೆ ಗೊತ್ತಿತ್ತು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯ ಬಿಕ್ಕಳಿಕೆ ಮತ್ತು ಶ್ವಾಸರೋಗಗಳಿಗೆ ಮೀಸಲು. ಅಲ್ಲಿ ಹೇಳುವ ಐದು ಬಗೆಯ ಶ್ವಾಸಗಳಲ್ಲಿ ತಮಕಶ್ವಾಸದ ವರ್ಣನೆ ಇಂದಿನ ಅಸ್ತಮಾಕ್ಕೆ ತೀರ ಹತ್ತಿರ. ರೋಗಿಗೆ ಮಲಗಲಾಗದು, ಎದ್ದು ಕೂತರೆ ಕೊಂಚ ಹಾಯೆನಿಸುತ್ತದೆ, ಬಿಸಿಯದು ಬೇಕೆನಿಸುತ್ತದೆ. ಮೋಡ ಕವಿದಾಗ, ತಣ್ಣೀರಿನಿಂದ, ಮೂಡಣ ಗಾಳಿಗೆ ಹೆಚ್ಚಾಗುತ್ತದೆ. ಶ್ವಾಸರೋಗದ ಕಾರಣಗಳ ಪಟ್ಟಿಯಲ್ಲಿ ಧೂಳು ಮತ್ತು ಹೊಗೆಯ ಹೆಸರಿದೆ. ರೋಗದ ಕಾರಣವನ್ನು ದೂರವಿಡುವುದೇ ಚಿಕಿತ್ಸೆಯ ಸಾರವೆಂಬುದು ಸುಶ್ರುತಸಂಹಿತೆಯ ಮಾತು. ಹನ್ನೆರಡನೆಯ ಶತಮಾನದ ಕೊನೆಗೆ ಕೈರೋದಲ್ಲಿದ್ದ ಯಹೂದಿ ವೈದ್ಯ ಮೈಮೋನಿಡಿಸ್ ಒಬ್ಬ ರಾಜಕುಮಾರನಿಗಾಗಿ ಅಸ್ತಮಾದ ಬಗ್ಗೆ ಇಡೀ ಗ್ರಂಥ ಬರೆದು, ನಗರದ ಕೆಟ್ಟ ಗಾಳಿಯಿಂದ ದೂರವಿರಲು ಹೇಳಿದ. 1552ರಲ್ಲಿ ಇಟಲಿಯ ಜೆರೊಲಾಮೊ ಕಾರ್ಡಾನೊ ಸ್ಕಾಟ್ಲೆಂಡಿಗೆ ಹೋಗಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ನರ ಉಬ್ಬಸಕ್ಕೆ ಚಿಕಿತ್ಸೆ ಕೊಟ್ಟ. ಅವನು ಮಾಡಿಸಿದ ಬದಲಾವಣೆಗಳಲ್ಲಿ ಹಕ್ಕಿಯ ಗರಿ ತುಂಬಿದ ಹಾಸಿಗೆಯನ್ನು ಬಿಡಿಸಿದ್ದೂ ಒಂದು. ರೋಗಿ ಚೇತರಿಸಿಕೊಂಡರು.

ಕಾರಣ ಮಾತ್ರ ಯಾರಿಗೂ ತಿಳಿದಿರಲಿಲ್ಲ. ಲಂಡನ್ನಿನ ಹೆನ್ರಿ ಹೈಡ್ ಸಾಲ್ಟರ್ ಸ್ವತಃ ಉಬ್ಬಸದ ರೋಗಿ. 1860ರ ತನ್ನ ಗ್ರಂಥದಲ್ಲಿ ಬೆಕ್ಕಿನ ಸಾಮೀಪ್ಯ ಉಬ್ಬಸ ತರುವುದನ್ನು ದಾಖಲಿಸಿದ, ಗಟ್ಟಿ ಕಾಫಿಯನ್ನು ಮದ್ದೆಂದು ಹೇಳಿದ. 1873ರಲ್ಲಿ ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಬೇಸಿಗೆಯ ಸೀನು-ನೆಗಡಿಗೆ ಹುಲ್ಲಿನ ಪರಾಗ ಕಾರಣವೆಂದು ತೋರಿಸಿದ. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ‘ಅಲರ್ಜಿ’ ಎಂಬ ಹೆಸರು ಕೊಟ್ಟ. ವಂಶದಲ್ಲಿ ಹರಿದುಬರುವ ಈ ಬಗೆಯ ಒಲವಿಗೆ 1923ರಲ್ಲಿ ಕೋಕಾ ಮತ್ತು ಕುಕ್ ‘ಅಟಾಪಿ’ ಎಂದು ಹೆಸರಿಟ್ಟರು. ಹತ್ತು ವರ್ಷಗಳ ನಂತರ ವೈಸ್ ಮತ್ತು ಸುಲ್ಜ್‌ಬರ್ಗರ್ ಮಕ್ಕಳ ಇಸುಬನ್ನು ‘ಅಟಾಪಿಕ್ ಡರ್ಮಟೈಟಿಸ್’ ಎಂದು ಕರೆದು ಅದೇ ಕುಟುಂಬಕ್ಕೆ ಸೇರಿಸಿದರು. ಚರ್ಮದ ರೋಗಕ್ಕೂ ಶ್ವಾಸಕೋಶದ ರೋಗಕ್ಕೂ ನಂಟಿದೆಯೆಂದು ಶಾಸ್ತ್ರ ಒಪ್ಪಿದ್ದು ಹೀಗೆ. 1960ರ ದಶಕದಲ್ಲಿ ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಫೋರ್‌ಹೋರ್ಸ್ಟ್ ಮತ್ತು ಸಂಗಡಿಗರು ಮನೆಯ ಧೂಳಿನ ಅಲರ್ಜಿಗೆ ಅದರೊಳಗಿನ ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ ಕಾರಣವೆಂದು ಕಂಡುಕೊಂಡರು. ಮುಂದಿನ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ನುಸಿತಜ್ಞ ಜಿ.ಪಿ. ಚನ್ನಬಸವಣ್ಣನವರೂ ಅವರ ಸಹೋದ್ಯೋಗಿಗಳೂ ನಮ್ಮ ಊರಿನ ಮನೆಗಳ ಧೂಳನ್ನು ಜಾಲಿಸಿ ಇದೇ ನುಸಿಗಳ ಅಧ್ಯಯನ ನಡೆಸಿದರು.

ಇನ್ನು ಮದ್ದಿನ ದಾರಿ. ‘ಸಸ್ಯದ ಮದ್ದಿಗೂ ಇಂಗ್ಲಿಷ್ ಮದ್ದಿಗೂ ಆಗಿಬರದು’ ಎಂದು ನಂಬಿದವರು ಈ ಭಾಗವನ್ನು ಗಮನವಿಟ್ಟು ಓದಬೇಕು. ದತ್ತೂರಿಯ ಹೊಗೆ ಸೇದಿ ಉಬ್ಬಸ ತಗ್ಗಿಸಿಕೊಳ್ಳುವುದು ನಮ್ಮ ದೇಶದ ರೂಢಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನ ಮೂಲಕ ಅದು ಬ್ರಿಟನ್ನಿಗೆ ಹೋಯಿತು. ದತ್ತೂರಿ ವಿಷದ ಗಿಡ. ಅದರ ಜಾತಿಯ ಗಿಡಗಳಲ್ಲಿರುವ ಅಟ್ರೊಪಿನ್ ಎಂಬ ಸಾರವನ್ನು ಮಾರ್ಪಡಿಸಿ ಮಾಡಿದ ಇಪ್ರಾಟ್ರೋಪಿಯಂ ಇಂದು ತುರ್ತು ಚಿಕಿತ್ಸೆಯ ನೆಬ್ಯುಲೈಸರಿನಲ್ಲಿದೆ. ಚೀನಾದ ಮಾ ಹುವಾಂಗ್ ಗಿಡದಿಂದ ಎಫೆಡ್ರಿನ್ ಬಂತು. ಚಹಾ ಎಲೆಯಲ್ಲಿ 1888ರಲ್ಲಿ ಸಿಕ್ಕ ಥಿಯೋಫಿಲಿನ್ ಹಲವು ದಶಕ ಅಸ್ತಮಾದ ಮುಖ್ಯ ಮಾತ್ರೆಯಾಗಿತ್ತು. ಅದು ಕಾಫಿಯ ಕೆಫೀನಿನ ಹತ್ತಿರದ ಬಂಧು, ಹಾಗಾಗಿ ಸಾಲ್ಟರನ ಕಾಫಿ ಬರಿಯ ನಂಬಿಕೆಯಾಗಿರಲಿಲ್ಲ. ನಮ್ಮ ಬೇಲಿಸಾಲಿನ ಆಡುಸೋಗೆಯಲ್ಲಿರುವ ವಾಸಿಸಿನ್ ಸಾರದ ಜಾಡು ಹಿಡಿದು ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ತಯಾರಾಯಿತು.

ಇವೆಲ್ಲದರಲ್ಲಿ ನನಗೆ ಅಚ್ಚುಮೆಚ್ಚಿನದು ರೋಜರ್ ಆಲ್ಟೂನ್ಯನ್ ಎಂಬ ವೈದ್ಯರ ಕಥೆ. ಅರ್ಮೇನಿಯನ್-ಇಂಗ್ಲಿಷ್ ಮನೆತನದ ಇವರು ಸ್ವತಃ ಅಸ್ತಮಾ ರೋಗಿ, ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು. ಈಜಿಪ್ಟಿನ ಜನ ಮದ್ದಾಗಿ ಬಳಸುತ್ತಿದ್ದ ಖೆಲ್ಲಾ ಎಂಬ ಗಿಡದ ಬೀಜದಲ್ಲಿನ ಸಾರವನ್ನು ಆಧರಿಸಿ ಪ್ರಯೋಗಶಾಲೆಯಲ್ಲಿ ಹೊಸ ಹೊಸ ಸಂಯುಕ್ತಗಳು ತಯಾರಾಗುತ್ತಿದ್ದವು. ಆಲ್ಟೂನ್ಯನ್ ತಮಗೆ ಆಗದ ಗಿನಿಯಿಲಿಯ ಹೊಟ್ಟಿನ ಸಾರವನ್ನು ಉಸಿರಿನಲ್ಲಿ ಎಳೆದುಕೊಂಡು, ಬೇಕೆಂದೇ ಉಬ್ಬಸ ಬರಿಸಿಕೊಂಡು, ಒಂದೊಂದು ಸಂಯುಕ್ತವನ್ನೂ ತಮ್ಮ ಮೇಲೆಯೇ ಅಳೆದು ನೋಡಿದರು. ನೂರಾರು ಸಲ ಹೀಗೆ ನರಳಿದ ಮೇಲೆ 1965ರಲ್ಲಿ ಕ್ರೋಮೋಗ್ಲೈಕೇಟ್ ಕೈಗೆ ಬಂತು. ಆ ಪುಡಿಯನ್ನು ಎಳೆದುಕೊಳ್ಳಲು ವಿಮಾನದ ಪ್ರೊಪೆಲ್ಲರಿನಂಥ ಪುಟ್ಟ ಪಂಕ ತಿರುಗುವ ಸಾಧನವನ್ನೂ ಅವರೇ ರೂಪಿಸಿದರು. ಗಿಡ ದಾರಿ ತೋರಿಸಿತು; ಮಕ್ಕಳಿಗೆ ಕೊಡಬಹುದಾದ ಔಷಧವಾದದ್ದು ಅಳತೆಯಿಂದ, ಪರೀಕ್ಷೆಯಿಂದ.

ಅಷ್ಟರಲ್ಲಿ ಬೇರೆ ಔಷಧಗಳೂ ಬಂದಿದ್ದವು. 1952ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟನ್ ಹೈಡ್ರೋಕಾರ್ಟಿಸೋನ್ ಎಂಬ ಸ್ಟೆರಾಯ್ಡನ್ನು ಚರ್ಮಕ್ಕೆ ಹಚ್ಚಿ ಇಸುಬಿನ ಚಿಕಿತ್ಸೆಯನ್ನೇ ಬದಲಿಸಿದರು. ಸೆಂಟು ಬಾಟಲಿಯಂತೆ ಔಷಧವೂ ಚಿಮ್ಮಬಾರದೇಕೆ ಎಂದು ಅಮೆರಿಕದ ಔಷಧ ಕಂಪನಿಯೊಂದರ ಮುಖ್ಯಸ್ಥರನ್ನು ಅವರ ಹದಿಮೂರು ವರ್ಷದ ಮಗಳು ಕೇಳಿದ್ದರಿಂದ ಇಂದಿನ ಇನ್ಹೇಲರ್ 1956ರಲ್ಲಿ ಮಾರುಕಟ್ಟೆಗೆ ಬಂತು. 1969ರಲ್ಲಿ ಶ್ವಾಸನಾಳ ಹಿಗ್ಗಿಸುವ ಸಾಲ್ಬ್ಯುಟಮಾಲ್, 1972ರಲ್ಲಿ ಉಸಿರಿನಲ್ಲಿ ಎಳೆಯುವ ಸ್ಟೆರಾಯ್ಡ್ ಬಂದವು. ಇನ್ಹೇಲರ್ ಚಟವಾಗುತ್ತದೆ ಎಂಬ ಭಯ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದು ಚಟವಲ್ಲ. ಮಾತ್ರೆಗಿಂತ ತೀರ ಕಡಿಮೆ ಪ್ರಮಾಣದ ಔಷಧವನ್ನು ನೇರ ಶ್ವಾಸಕೋಶಕ್ಕೆ ಮುಟ್ಟಿಸುವ ದಾರಿ ಅದು.

ಮನೆಮದ್ದುಗಳು ಒಂದೊಂದಾಗಿ ಪರೀಕ್ಷೆಗೆ ಬಂದದ್ದು ಈ ನಲವತ್ತು ವರ್ಷಗಳಲ್ಲಿ. ಇಸುಬಿಗೆ ರಾಮಬಾಣವೆಂದು ಯುರೋಪಿನಲ್ಲಿ ಹೆಸರಾಗಿದ್ದ ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಔಷಧ ಪರವಾನಗಿಯನ್ನು ಬ್ರಿಟನ್ 2002ರಲ್ಲಿ ಹಿಂತೆಗೆದುಕೊಂಡಿತು. ಸ್ನಾನದ ನೀರಿಗೆ ಬೆರೆಸುವ ವಿಶೇಷ ಎಣ್ಣೆಗಳಿಂದ ಮಕ್ಕಳಿಗೆ ಹೆಚ್ಚಿನ ಪ್ರಯೋಜನವಿಲ್ಲವೆಂದು 2018ರಲ್ಲಿ ತಿಳಿಯಿತು. ನಮ್ಮ ಕೊಬ್ಬರಿ ಎಣ್ಣೆಯದು ಬೇರೆ ಕಥೆ. ಫಿಲಿಪ್ಪೀನ್ಸಿನಲ್ಲಿ ಇಸುಬಿರುವ 117 ಮಕ್ಕಳಲ್ಲಿ ಕೆಲವರಿಗೆ ಶುದ್ಧ ಕೊಬ್ಬರಿ ಎಣ್ಣೆ, ಉಳಿದವರಿಗೆ ಖನಿಜ ಎಣ್ಣೆ ಹಚ್ಚಿ ನೋಡಿದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಎಂಟು ವಾರಗಳಲ್ಲಿ ಕೊಬ್ಬರಿ ಎಣ್ಣೆ ಮೇಲುಗೈ ಪಡೆಯಿತು. ಒಂದೇ ಪರೀಕ್ಷೆ, ಚಿಕ್ಕದು, ಆದರೂ ಅಜ್ಜಿಯರ ಪರ. ಅದೇ ಆಲಿವ್ ಎಣ್ಣೆ ಚರ್ಮದ ತಡೆಯನ್ನು ಕೆಡಿಸುತ್ತದೆಂದು 2013ರ ಶೆಫೀಲ್ಡ್ ಅಧ್ಯಯನ ತೋರಿಸಿತು. ದುಬಾರಿ ಬೆಲೆಗೆ ಕೊಂಡು ಕೂಸಿಗೆ ತಿಕ್ಕುವವರು ಇದನ್ನು ತಿಳಿದಿರಬೇಕು. ಕಹಿಬೇವಿನ ಎಣ್ಣೆಯನ್ನು ಎಳೆಮಕ್ಕಳಿಗೆ ಕುಡಿಸಿ ಜೀವಕ್ಕೆ ಅಪಾಯವಾದ ಪ್ರಕರಣಗಳು ವೈದ್ಯಪತ್ರಿಕೆಗಳಲ್ಲಿವೆ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು. ದೊಡ್ಡಪತ್ರೆಯ ರಸ, ತುಳಸಿ ಕಷಾಯ ದೊಡ್ಡ ಮಕ್ಕಳ ಗಂಟಲಿಗೆ ಹಿತವಾಗಬಹುದು. ಅಸ್ತಮಾವನ್ನು ಅವು ಹತೋಟಿಗೆ ತಾರವು.

‘ನೈಸರ್ಗಿಕ’ ಎಂಬ ಚೀಟಿಯ ಹಿಂದೆ ಇನ್ನೊಂದು ಅಪಾಯವಿದೆ. 1999ರಲ್ಲಿ ಲಂಡನ್ನಿನ ವೈದ್ಯರು ಇಸುಬಿಗೆ ಬಳಕೆಯಲ್ಲಿದ್ದ ಹನ್ನೊಂದು ಚೀನೀ ಗಿಡಮೂಲಿಕೆ ಕ್ರೀಮುಗಳನ್ನು ಪರೀಕ್ಷಿಸಿದಾಗ ಎಂಟರಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಸಿಕ್ಕಿತು. ಚೀಟಿಯಲ್ಲಿ ಹೆಸರಿಲ್ಲದ ಸ್ಟೆರಾಯ್ಡನ್ನು ತಾಯಂದಿರು ಮಗುವಿನ ಮುಖಕ್ಕೆ ಹಚ್ಚುತ್ತಿದ್ದರು. ನಮ್ಮಲ್ಲಿ ಹೆಸರಿದ್ದ ಸ್ಟೆರಾಯ್ಡ್ ಮುಲಾಮುಗಳೇ ಮೆಡಿಕಲ್ ಅಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುತ್ತಿದ್ದವು. 2018ರಲ್ಲಿ ಕೇಂದ್ರ ಸರ್ಕಾರ ಅವುಗಳಲ್ಲಿ ಹದಿನಾಲ್ಕನ್ನು ವೈದ್ಯರ ಚೀಟಿ ಬೇಕಾದ ಪಟ್ಟಿಗೆ ಸೇರಿಸಿತು. ಪ್ರತಿವರ್ಷ ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಜೀವಂತ ಮೀನಿನೊಳಗಿಟ್ಟು ನುಂಗಿಸುವ ಮದ್ದಿಗಾಗಿ ಕರ್ನಾಟಕದಿಂದಲೂ ಜನ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ. ಆ ಮದ್ದಿನಲ್ಲಿ ಏನಿದೆಯೆಂಬುದು ಗುಟ್ಟು. ಅದು ಅಸ್ತಮಾ ಗುಣಪಡಿಸುತ್ತದೆಂಬುದಕ್ಕೆ ಪುರಾವೆಯಿಲ್ಲ. ಉಬ್ಬಸದ ಮಗುವಿನ ಗಂಟಲಿಗೆ ಜೀವಂತ ಮೀನು ಇಳಿಸುವುದನ್ನು ನಾನಂತೂ ಒಪ್ಪಲಾರೆ. ಯೋಗದ ವಿಷಯದಲ್ಲಿ ಬೆಂಗಳೂರಿಗೇ ಹೆಮ್ಮೆಯ ದಾಖಲೆಯಿದೆ: ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರ ಅವರು 53 ಜೋಡಿ ಅಸ್ತಮಾ ರೋಗಿಗಳ ಮೇಲೆ ನಡೆಸಿದ ಹೋಲಿಕೆಯ ಅಧ್ಯಯನ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಆಮೇಲಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಯೋಗದಿಂದ ಬದುಕು ಸ್ವಲ್ಪ ಹಗುರಾಗುತ್ತದೆ ಎಂದಿದ್ದಾರೆ. ಅದು ಔಷಧದ ಜೊತೆಗೆ, ಔಷಧದ ಬದಲಿಗಲ್ಲ.

ಪಥ್ಯದ ವಿಚಾರದಲ್ಲಿ ಶಾಸ್ತ್ರ ತನ್ನನ್ನೇ ತಿದ್ದಿಕೊಂಡ ಬಗೆ ಇನ್ನೂ ದೊಡ್ಡದು. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀಯ ವಿಜ್ಞಾನಿಗಳು ಫಿಲಾಗ್ರಿನ್ ಎಂಬ ಚರ್ಮದ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದವರಿಗೆ ಇಸುಬು ಹೆಚ್ಚೆಂದು ತೋರಿಸಿದರು. ಇಂಥ ಚರ್ಮ ಗಾರೆ ಉದುರಿದ ಗೋಡೆಯಂತೆ: ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಕಣ ಒಳಗೆ ನುಗ್ಗುತ್ತದೆ. ಹಾಗೆ ನುಗ್ಗಿದ ಆಹಾರದ ಕಣವನ್ನು ದೇಹ ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಅದೇ ಆಹಾರ ಬಾಯಿಂದ ಬೇಗನೆ ಹೋದರೆ ನೆಂಟನೆಂದು ಒಪ್ಪಿಕೊಳ್ಳುತ್ತದೆ ಎಂಬುದು ಲಂಡನ್ನಿನ ಗಿಡಿಯನ್ ಲ್ಯಾಕ್ ಅವರ ವಾದ. ಅಲರ್ಜಿಯ ಮನೆತನದ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಕೊಡಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2000ದಲ್ಲಿ ಹೇಳಿತ್ತು. ಆದರೆ ಎಳವೆಯಿಂದಲೇ ಕಡಲೆಕಾಯಿ ತಿಂಡಿ ತಿನ್ನುವ ಇಸ್ರೇಲಿನ ಮಕ್ಕಳಿಗಿಂತ, ತಿನ್ನದ ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಆ ಅಲರ್ಜಿ ಹತ್ತು ಪಟ್ಟು ಹೆಚ್ಚಿತ್ತು. ಲ್ಯಾಕ್ ತಂಡ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಕೂಸುಗಳಲ್ಲಿ ಅರ್ಧ ಜನಕ್ಕೆ ಕಡಲೆಕಾಯಿ ಕೊಟ್ಟು, ಉಳಿದರ್ಧಕ್ಕೆ ಕೊಡದೆ ಐದು ವರ್ಷದವರೆಗೆ ಕಾದಿತು. 2015ರ ಫಲಿತಾಂಶ: ಮೊದಲಿಗೆ ಚರ್ಮಪರೀಕ್ಷೆಯಲ್ಲಿ ಅಲರ್ಜಿ ಕಾಣದಿದ್ದ ಮಕ್ಕಳಲ್ಲಿ, ದೂರವಿಟ್ಟವರ ಪೈಕಿ ಶೇ. 13.7ರಷ್ಟು ಮಂದಿಗೆ ಅಲರ್ಜಿ ಬಂತು, ತಿಂದವರ ಪೈಕಿ ಶೇ. 1.9ಕ್ಕೆ ಮಾತ್ರ. ದೂರವಿಟ್ಟದ್ದೇ ರೋಗ ತಂದಿತ್ತು.

ಕಡಲೆಕಾಯಿ ಬೆಳೆಯುವ ನಾಡಿನವರಾದ ನಮಗೆ ಇದರ ಪಾಠ ಹತ್ತಿರದ್ದು. ನಂಜು, ಶೀತ ಎಂದು ಒಂದೊಂದೇ ಆಹಾರ ತೆಗೆದು, ಕೊನೆಗೆ ಗಂಜಿಯಲ್ಲಿ ಬದುಕುವ ಇಸುಬಿನ ಮಗು ತೂಕ ಕಳೆದುಕೊಳ್ಳುತ್ತದೆ, ಚರ್ಮ ಹಾಗೇ ಉಳಿಯುತ್ತದೆ. ನಿಜವಾದ ಆಹಾರ ಅಲರ್ಜಿ ಇರುವ ಮಕ್ಕಳೂ ಇದ್ದಾರೆ. ತಿಂದ ಕೆಲವೇ ನಿಮಿಷಗಳಲ್ಲಿ ತುಟಿ ಊದಿದರೆ, ಮೈಯೆಲ್ಲ ದದ್ದು ಎದ್ದರೆ ಅದನ್ನು ವೈದ್ಯರು ಪರೀಕ್ಷಿಸಬೇಕು. ಅಂಥ ಮಗುವಿಗೆ ಮನೆಯಲ್ಲಿ ತಿನ್ನಿಸಿ ನೋಡುವುದೂ ಸಲ್ಲ.

ನುಸಿಯ ವಿಷಯದಲ್ಲಿ ಫಲಿತಾಂಶ ಮಿಶ್ರ. ಹಾಸಿಗೆಗೆ ನುಸಿ ದಾಟದ ಹೊದಿಕೆ ಹಾಕಿದ್ದೊಂದರಿಂದಲೇ ಅಸ್ತಮಾ ತಗ್ಗಲಿಲ್ಲವೆಂದು ಸಾವಿರಕ್ಕೂ ಹೆಚ್ಚು ವಯಸ್ಕರ ಮೇಲೆ ನಡೆದ 2003ರ ಬ್ರಿಟಿಷ್ ಪರೀಕ್ಷೆ ಹೇಳಿತು. ಮರುವರ್ಷ ಅಮೆರಿಕದ ಏಳು ನಗರಗಳ 937 ಬಡ ಮಕ್ಕಳ ಅಧ್ಯಯನ ಬೇರೆ ದಾರಿ ಹಿಡಿಯಿತು. ಆ ಮಗುವಿಗೆ ಯಾವುದು ಆಗದು ಎಂದು ಮೊದಲು ಪರೀಕ್ಷಿಸಿ, ಆ ಮನೆಯಲ್ಲಿ ಜಿರಳೆ, ನುಸಿ, ಹೊಗೆ ಎಲ್ಲವನ್ನೂ ಒಟ್ಟಿಗೆ ತಗ್ಗಿಸಿದರು. ಉಬ್ಬಸದ ದಿನಗಳು ಕಡಿಮೆಯಾದವು. ಹೊಗೆಯದು ಇನ್ನೂ ಸ್ಪಷ್ಟ. ಸ್ಕಾಟ್ಲೆಂಡ್ 2006ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸಿತು. ಅದುವರೆಗೆ ಏರುತ್ತಿದ್ದ ಅಸ್ತಮಾ ಮಕ್ಕಳ ಆಸ್ಪತ್ರೆ ದಾಖಲಾತಿ ವರ್ಷಕ್ಕೆ ಶೇ. 18ರಂತೆ ಇಳಿಯತೊಡಗಿತು.

ಬೆಂಗಳೂರಿನ ಮಕ್ಕಳ ವೈದ್ಯ ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಇಪ್ಪತ್ತು ಸಾವಿರ ಮಕ್ಕಳ ಲೆಕ್ಕವಿಟ್ಟು, 1979ರಲ್ಲಿ ಶೇ. 9 ಇದ್ದ ಅಸ್ತಮಾ 1999ಕ್ಕೆ ಶೇ. 29.5 ಆಯಿತೆಂದು ತೋರಿಸಿದರು. ಆಸ್ಪತ್ರೆಯ ಲೆಕ್ಕ ಊರಿನ ಲೆಕ್ಕವಲ್ಲ, ನಿಜ. ಏರಿಕೆಯ ದಿಕ್ಕಂತೂ ಕಣ್ಣಿಗೆ ಹೊಡೆಯುತ್ತದೆ. ರಸ್ತೆಯ ಹೊಗೆ ನಮ್ಮ ಕೈಮೀರಿದ್ದು ಎನ್ನೋಣ. ಬಾಣಂತಿಯ ಕೋಣೆಯ ಹೊಗೆ? ಎಣ್ಣೆ ನೀರು ಹಾಕಿದ ಮೇಲೆ ಕೂಸನ್ನು ಸಾಂಬ್ರಾಣಿಯ ಹೊಗೆಗೆ ಹಿಡಿಯುತ್ತೇವೆ. ಕಿಟಕಿ ಮುಚ್ಚಿ ಸೊಳ್ಳೆಬತ್ತಿ ಹಚ್ಚುತ್ತೇವೆ. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಹೊರಬೀಳುತ್ತದೆಂದು 2003ರ ಅಧ್ಯಯನವೊಂದು ಅಳೆದಿದೆ. ಬೀಡಿಯನ್ನು ಜಗಲಿಯಲ್ಲಿ ಸೇದಿ ಬಂದ ಅಪ್ಪ ಅದೇ ಅಂಗಿಯಲ್ಲಿ ಮಗುವನ್ನು ಎತ್ತಿಕೊಳ್ಳುತ್ತಾನೆ. ಈ ಪಟ್ಟಿಯಲ್ಲಿ ಯಾವುದನ್ನು ಬಿಡಲೂ ದುಡ್ಡು ಬೇಕಿಲ್ಲ.

ಆದ್ದರಿಂದ ಇಸುಬು-ಉಬ್ಬಸದ ಮಗುವಿರುವ ಮನೆಯವರಲ್ಲಿ ನನ್ನ ಕೇಳಿಕೆ ಇಷ್ಟು. ಸೊಳ್ಳೆಪರದೆ ಕಟ್ಟಿ, ಬತ್ತಿ ಬಿಡಿ. ಕೂಸಿಗೆ ಸಾಂಬ್ರಾಣಿ ಹೊಗೆ ಬೇಡ. ಮೈ ತೊಳೆದ ಕೂಡಲೇ, ತೇವ ಆರುವ ಮೊದಲು, ವೈದ್ಯರು ಹೇಳಿದ ಮುಲಾಮನ್ನೋ ಶುದ್ಧ ಕೊಬ್ಬರಿ ಎಣ್ಣೆಯನ್ನೋ ದಿನವೂ ಹಚ್ಚಿ. ಬೆಡ್‌ಶೀಟು, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ದಿನವೂ ಎಳೆಯಬೇಕಾದ ಇನ್ಹೇಲರನ್ನು ಮಗು ಚೆನ್ನಾಗಿದೆಯೆಂದು ನೀವಾಗಿಯೇ ನಿಲ್ಲಿಸಬೇಡಿ. ಉಸಿರೆಳೆದಾಗ ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಹೋಗುತ್ತಿದ್ದರೆ, ಮಗು ಒಂದು ಮಾತನ್ನು ಪೂರ್ತಿ ಆಡಲಾಗದೆ ನಿಲ್ಲಿಸುತ್ತಿದ್ದರೆ, ತುಟಿ ನೀಲಿಯಾಗಿದ್ದರೆ, ಕಷಾಯ ಕಾಯಿಸುತ್ತ ಕೂರಬೇಡಿ. ತುರ್ತಿಗೆಂದು ಕೊಟ್ಟಿರುವ ಇನ್ಹೇಲರನ್ನು ಸ್ಪೇಸರ್ ಎಂಬ ಕೊಳವೆಯ ಮೂಲಕ ಕೊಡುತ್ತ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಒಯ್ಯಿರಿ.